ಎಲ್ಡರ್ ಹೂವು: ಒಂದು ಬಾಟಲಿ ಉಕ್ಕುತ್ತದೆ, ಇನ್ನೊಂದು ಏಕೆ ಉಕ್ಕುವುದಿಲ್ಲ?

ಆಹಾರ ಸಂರಕ್ಷಣೆ ಓದುತ್ತಾ ಎಲ್ಡರ್ ಹೂವಿನ ಹತ್ತಿರ ಎರಡು ದಿನ ಸಿಕ್ಕಿಕೊಂಡಿದ್ದೆ. ನಿನ್ನೆ ರಾತ್ರಿ ಗಂಟು ಬಿಚ್ಚಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಗಿಡ

ವೈಜ್ಞಾನಿಕ ಹೆಸರು ಸಾಂಬುಕಸ್ ನೈಗ್ರಾ. ಯುರೋಪಿನ ಬೇಲಿಸಾಲುಗಳಲ್ಲಿ ತಾನಾಗಿ ಬೆಳೆಯುವ ಪೊದೆಯಂಥ ಮರ. ಇಂಗ್ಲೆಂಡಿನಲ್ಲಿ ಮೇ ಕೊನೆ, ಜೂನ್ ಹೊತ್ತಿಗೆ ಕೆನೆಬಣ್ಣದ ಪುಟಾಣಿ ಹೂಗಳು ಅಂಗೈ ಅಗಲದ ಗೊಂಚಲಾಗಿ ಅರಳುತ್ತವೆ. ‘ಎಲ್ಡರ್’ ಎಂಬ ಹೆಸರಿಗೂ ‘ಹಿರಿಯ’ ಎನ್ನುವ ಇಂಗ್ಲಿಷ್ ಪದಕ್ಕೂ ನಂಟಿಲ್ಲ. ಹಳೆಯ ಇಂಗ್ಲಿಷಿನ ‘ಎಲ್ಲರ್ನ್’ ಬದಲಾಗುತ್ತಾ ಹೀಗಾಗಿದೆ.

ನನ್ನ ತಲೆ ತಿಂದ ಪ್ರಶ್ನೆ

ಹೂವು, ನಿಂಬೆ, ಸಕ್ಕರೆ, ನೀರು. ಇಷ್ಟರಿಂದಲೇ ಎರಡು ಪಾನೀಯ. ಒಂದು ಕಾರ್ಡಿಯಲ್, ಅಂದರೆ ನೀರು ಬೆರೆಸಿ ಕುಡಿಯುವ ಶರಬತ್ತಿನ ಪಾಕ. ಇನ್ನೊಂದು ಮನೆಮಂದಿ ‘ಎಲ್ಡರ್‌ಫ್ಲವರ್ ಷಾಂಪೇನ್’ ಎನ್ನುವ, ನೊರೆಯುಕ್ಕುವ, ತುಸು ಮದ್ಯವಿರುವ ಪೇಯ. ಎರಡನೆಯದಕ್ಕೂ ಎಷ್ಟೋ ಜನ ಯೀಸ್ಟ್ ಹಾಕುವುದಿಲ್ಲ, ಹೂವಿನ ಮೇಲೆಯೇ ಇರುತ್ತದೆ. ಹಾಗಾದರೆ ಅದೇ ಹೂವಿನ ಕಾರ್ಡಿಯಲ್ ಏಕೆ ಹುದುಗುವುದಿಲ್ಲ?

ನಿಂಬೆಹುಳಿಯ ಸಿಟ್ರಿಕ್ ಆಮ್ಲ ತಡೆಯುತ್ತದೆ ಎಂದುಕೊಂಡಿದ್ದೆ. ಅದು ನೆರವಾಗುತ್ತದೆ ನಿಜ, ಆದರೆ ಹುಳಿ ಷಾಂಪೇನಿನಲ್ಲೂ ಇದೆಯಲ್ಲ! ಕೊನೆಗೆ ಸಕ್ಕರೆಯ ಲೆಕ್ಕ ಹಾಕಿದೆ.

ಕಾರ್ಡಿಯಲ್: 1.5 ಲೀಟರ್ ನೀರಿಗೆ 2.5 ಕಿಲೋ ಸಕ್ಕರೆ. ಒಟ್ಟು 4 ಕಿಲೋದಲ್ಲಿ ಸಕ್ಕರೆಯೇ 62.5%.
ಷಾಂಪೇನ್: 6 ಲೀಟರ್ ನೀರಿಗೆ 700 ಗ್ರಾಂ. ಅಂದರೆ ಸುಮಾರು 10%.

ಸಕ್ಕರೆ ಯೀಸ್ಟಿಗೆ ಊಟ ಎಂದು ಓದಿ, ಹೆಚ್ಚು ಸಕ್ಕರೆಯಿದ್ದರೆ ಹೆಚ್ಚು ಹುದುಗಬೇಕು ಎಂದು ನಾನು ನಂಬಿದ್ದೇ ತಪ್ಪು. ಉಪ್ಪಿನಕಾಯಿಗೆ ಮಾವಿನ ಹೋಳಿಗೆ ಉಪ್ಪು ಬೆರೆಸಿಟ್ಟರೆ ಮರುದಿನ ಜಾಡಿಯಲ್ಲಿ ನೀರು ಬಿಟ್ಟಿರುತ್ತದೆ. ಗಾಢವಾದ ಸಕ್ಕರೆಪಾಕವೂ ಯೀಸ್ಟಿನ ಕೋಶದಿಂದ ಹಾಗೆಯೇ ನೀರು ಎಳೆದುಬಿಡುತ್ತದೆ. ಸುತ್ತ ರಾಶಿ ಊಟವಿದ್ದರೂ ನೀರಿಲ್ಲದೆ ಅದು ಸುಮ್ಮನಾಗುತ್ತದೆ. ಅಮ್ಮ ಮಾಡಿಟ್ಟ ಪುನರ್ಪುಳಿ ಪಾಕ ತಿಂಗಳುಗಟ್ಟಲೆ ಕೆಡುವುದಿಲ್ಲ. ನೀರು ಬೆರೆಸಿ ಮರೆತ ಲೋಟ ಮಾತ್ರ ಎರಡೇ ದಿನಕ್ಕೆ ಕೆಡುತ್ತದೆ. ಇದು ನೆನಪಾದಾಗಲೇ ನನಗೆ ಪೂರ್ತಿ ಅರ್ಥವಾಗಿದ್ದು.

ಇದರಿಂದ ಉಳಿದ ನಿಯಮಗಳೂ ತಾವೇ ಬಿಡಿಸಿಕೊಳ್ಳುತ್ತವೆ. ಹೂವನ್ನು ತೊಳೆಯಬಾರದು, ಕೊಡವಿ ಹುಳ ಉದುರಿಸಿದರೆ ಸಾಕು. ತೊಳೆದರೆ ಘಮದ ಪರಾಗವೂ ಯೀಸ್ಟೂ ಹೋಗುತ್ತವೆ. ಷಾಂಪೇನಿಗೆ ನೀರು ಆರಿದ ಮೇಲೆಯೇ ಹೂವು, ಬಿಸಿಗೆ ಯೀಸ್ಟ್ ಸಾಯುತ್ತದೆ. ಹುದುಗುವಾಗ ಇಂಗಾಲದ ಡೈಆಕ್ಸೈಡ್ ಹುಟ್ಟುವುದರಿಂದ ಬಿಗಿಯಾಗಿ ಮುಚ್ಚಿದ ಗಾಜಿನ ಬಾಟಲಿ ಸಿಡಿಯಬಹುದು. ಪ್ಲಾಸ್ಟಿಕ್ ಬಾಟಲಿಯಾದರೆ ಒತ್ತಿ ನೋಡಬಹುದು; ಗಟ್ಟಿಯಾಗಿದ್ದರೆ ಮುಚ್ಚಳ ತುಸು ಸಡಿಲಿಸಿ ಗಾಳಿ ಬಿಡಬೇಕು. ರೊಮೇನಿಯಾದಲ್ಲಿ ಎಲ್ಡರ್ ಹೂವನ್ನೇ ಹುದುಗಿಸಿ ಮಾಡುವ ‘ಸೊಕಾಟಾ’ ಪಾನೀಯದ ಗುಟ್ಟೂ ಇದೇ.

(ಮನೆಯಲ್ಲಿ ಷಾಂಪೇನ್ ಎನ್ನಬಹುದು, ಅಂಗಡಿಯಲ್ಲಿ ಅಲ್ಲ. ಫ್ರಾನ್ಸಿನಲ್ಲಿ ಅಸಲಿ ಷಾಂಪೇನ್ ತಯಾರಿಸುವ ಟೈಟಿಂಜರ್ ಕಂಪನಿ ಹೂಡಿದ ದಾವೆಯಲ್ಲಿ 1993ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ ಆ ಹೆಸರನ್ನು ತಡೆಯಿತು.)

ವಿಷ

ಎಲೆ, ಕಾಂಡ, ತೊಗಟೆ, ಕಾಯಿಗಳಲ್ಲಿ ಸಾಂಬುನೈಗ್ರಿನ್ ಇದೆ. ಒಡೆದಾಗ ಸಯನೈಡ್ ಬಿಡುತ್ತದೆ, ನಮ್ಮ ಮರಗೆಣಸಿನಲ್ಲಿರುವ ವಿಷದ ಬಳಗವೇ. 1983ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಾಡು ಎಲ್ಡರಿನ ಹಣ್ಣನ್ನು ಎಲೆ, ಕೊಂಬೆ ಸಮೇತ ಹಿಂಡಿದ ರಸ ಕುಡಿದು 11 ಜನ ಕಾಯಿಲೆ ಬಿದ್ದಿದ್ದರು. ಆದ್ದರಿಂದ ಗೊಂಚಲಿನ ದಪ್ಪ ತೊಟ್ಟು ಕತ್ತರಿಸಬೇಕು, ಹಣ್ಣನ್ನು ಬೇಯಿಸಲೇಬೇಕು. ಹೆಮ್‌ಲಾಕ್ ಎಂಬ ಘೋರ ವಿಷದ ಗಿಡಕ್ಕೂ ಬಿಳಿ ಗೊಂಚಲಿದೆ, ಆದರೆ ಅದಕ್ಕೆ ಮರದ ಕಾಂಡವಿಲ್ಲ.

ಔಷಧ, ನಂಬಿಕೆ

ನೆಗಡಿಗೆ ಒಣಹೂವಿನ ಕಷಾಯ ಕುಡಿದು ಬೆವರುವುದು ಯುರೋಪಿನ ಹಳೆಯ ರೂಢಿ. ಅಲ್ಲಿನ ಔಷಧ ಸಂಸ್ಥೆ ನೆಗಡಿಯ ಆರಂಭಕ್ಕೆ ಇದನ್ನು ಒಪ್ಪಿರುವುದು ದೀರ್ಘಕಾಲದ ಬಳಕೆಯ ಆಧಾರದ ಮೇಲೆ ಮಾತ್ರ. ಪರೀಕ್ಷೆಗೆ ಬರೆಯುವಾಗ ಈ ‘ಮಾತ್ರ’ ಬಿಡಬೇಡಿ. ಡೆನ್ಮಾರ್ಕಿನ ಜನಪದರಲ್ಲಿ ಮರದೊಳಗೆ ‘ಹೂಲ್ಡೆಮೋರ್’ ಎಂಬ ತಾಯಿ ಇರುತ್ತಾಳೆ, ಕಡಿಯುವ ಮೊದಲು ಅವಳನ್ನು ಕೇಳಬೇಕು. ಬವೇರಿಯಾ, ಆಸ್ಟ್ರಿಯಾಗಳಲ್ಲಿ ಇಡೀ ಗೊಂಚಲನ್ನೇ ಹಿಟ್ಟಿನಲ್ಲಿ ಅದ್ದಿ, ತೊಟ್ಟು ಹಿಡಿದು ಬಜ್ಜಿಯಂತೆ ಕರಿದು ಸಕ್ಕರೆ ಉದುರಿಸುತ್ತಾರೆ.

ಕೊಯ್ಯುವಾಗ ಒಂದೇ ಮರವನ್ನು ಬರಿದು ಮಾಡಬಾರದು. ಜೂನಿನಲ್ಲಿ ಕಿತ್ತ ಗೊಂಚಲು ಸೆಪ್ಟೆಂಬರಿನಲ್ಲಿ ಹಣ್ಣು ಕೊಡುವುದಿಲ್ಲ.