ಕತ್ತಲೆಯ ಪಾಲಿಗೆ ಬಂದ ಬಿಟ್‌ಗಳು

2019ರ ಏಪ್ರಿಲ್ 28ರ ರಾತ್ರಿ ಅಮೆರಿಕದ ಎಚ್‌ಬಿಒ ವಾಹಿನಿಯಲ್ಲಿ ‘ಗೇಮ್ ಆಫ್ ಥ್ರೋನ್ಸ್’ ಸರಣಿಯ ಎಂಟನೆಯ ಆವೃತ್ತಿಯ ಮೂರನೆಯ ಕಂತು ‘ದಿ ಲಾಂಗ್ ನೈಟ್’ ಪ್ರಸಾರವಾಗುತ್ತಿದ್ದಾಗಲೇ, ಯಾರು ಗೆದ್ದರು, ಯಾರು ಸತ್ತರು ಎಂಬ ಚರ್ಚೆಗೂ ಮೊದಲು ಅಭಿಮಾನಿಗಳಿಂದ ಬಂದ ಪ್ರತಿಕ್ರಿಯೆ ಒಂದೇ ಆಗಿತ್ತು: ಏನೂ ಕಾಣಿಸುತ್ತಿಲ್ಲ. ಸತ್ತವರ ಸೇನೆ ವಿಂಟರ್‌ಫೆಲ್ ಕೋಟೆಯ ಮೇಲೆ ಎರಗುವ ಈ ಗಳಿಗೆಗಾಗಿ ಅವರು ಏಳು ಆವೃತ್ತಿಗಳುದ್ದಕ್ಕೂ ಕಾದಿದ್ದರು. ಉತ್ತರ ಐರ್ಲೆಂಡಿನ ಚಳಿಯಲ್ಲಿ 55 ರಾತ್ರಿಗಳ ಹೊರಾಂಗಣ ಚಿತ್ರೀಕರಣ ನಡೆಸಿ ಕಟ್ಟಿದ 82 ನಿಮಿಷಗಳ ಕಂತು, ಲಕ್ಷಾಂತರ ಮನೆಗಳಲ್ಲಿ ಬೂದು ಚೌಕಗಳ ಗೊಂದಲವಾಗಿ ಬಿತ್ತರಗೊಂಡಿತು.

ಛಾಯಾಗ್ರಾಹಕ ಫೇಬಿಯನ್ ವ್ಯಾಗ್ನರ್ ಇದಕ್ಕೆ ಕೊಟ್ಟ ಉತ್ತರ ಉರಿಯುವ ಬೆಂಕಿಗೆ ತುಪ್ಪ ಸುರಿಯಿತು. ಬಹಳಷ್ಟು ಜನರಿಗೆ ತಮ್ಮ ಟಿವಿಯನ್ನು ಸರಿಯಾಗಿ ಹೊಂದಿಸಿಕೊಳ್ಳಲು ಬರುವುದಿಲ್ಲ, ಇಂಥ ಕಂತನ್ನು ಕತ್ತಲೆ ಕೋಣೆಯಲ್ಲಿ ನೋಡಬೇಕು ಎಂಬುದು ಅವರ ವಾದದ ತಿರುಳು. ಅಭಿಮಾನಿಗಳಲ್ಲಿ ಒಂದು ಬಣ ಇದನ್ನು ಕಲಾವಿದನ ಸ್ವಾತಂತ್ರ್ಯವೆಂದು ಸಮರ್ಥಿಸಿತು, ಇನ್ನೊಂದು ಬಣ ಅಗ್ಗದ ಗ್ರಾಫಿಕ್ಸ್ ಮುಚ್ಚಿಡಲು ಹೂಡಿದ ಉಪಾಯವೆಂದು ಜರೆಯಿತು, ಮೂರನೆಯ ಬಣ ಬ್ರೈಟ್‌ನೆಸ್ ಹೆಚ್ಚಿಸಿದರೆ ಎಲ್ಲ ಸರಿಹೋಗುತ್ತದೆಂದು ಉಪದೇಶಿಸಿತು. ಮೂರರಲ್ಲಿ ನನ್ನ ತಾಳ್ಮೆ ಕೆಡಿಸುವುದು ಕೊನೆಯದು, ಏಕೆಂದರೆ ಅದು ವಿಜ್ಞಾನದ ವೇಷ ತೊಟ್ಟು ಬರುತ್ತದೆ. ಕ್ಯಾಮೆರಾದಲ್ಲಿ ಸೆರೆಯಾದ ಕತ್ತಲೆಗೂ ಮನೆಯ ಪರದೆಯ ಮೇಲೆ ಬಿದ್ದ ಕತ್ತಲೆಗೂ ನಡುವೆ ಏನೋ ಕಳೆದುಹೋಗಿತ್ತು. ಹಾಗೆ ಕಳೆದುಹೋದದ್ದನ್ನು ಟಿವಿಯ ಯಾವ ಗುಂಡಿಯೂ ಮರಳಿ ತರಲಾರದು.

ಇಲ್ಲಿ ಕಣ್ಣಿನ ಲೆಕ್ಕಾಚಾರ ಅರ್ಥವಾಗಬೇಕು. ಕಣ್ಣು ಬೆಳಕಿನ ಪ್ರಮಾಣವನ್ನು ಅಳೆಯುವುದಕ್ಕಿಂತ ಹೆಚ್ಚಾಗಿ ಅದರ ಅನುಪಾತವನ್ನು ಅಳೆಯುತ್ತದೆ. ಜರ್ಮನಿಯ ಲೈಪ್‌ಜಿಗ್‌ನ ಅರ್ನ್ಸ್ಟ್ ಹೈನ್ರಿಕ್ ವೇಬರ್ 1830ರ ದಶಕದಲ್ಲಿ ಭಾರ ಎತ್ತಿಸುವ ಪ್ರಯೋಗಗಳಿಂದ ಇದನ್ನು ಗುರುತಿಸಿದರು: ಕೈಯಲ್ಲಿ ಒಂದು ಕಿಲೋ ತೂಕವಿದ್ದಾಗ ಅದಕ್ಕೆ ಸೇರಿಸಿದ ನೂರು ಗ್ರಾಂ ಸುಲಭವಾಗಿ ಗೊತ್ತಾಗುತ್ತದೆ, ಹತ್ತು ಕಿಲೋ ಅಕ್ಕಿಯ ಚೀಲ ಹೊತ್ತವನಿಗೆ ಅದೇ ನೂರು ಗ್ರಾಂ ಗೊತ್ತೇ ಆಗುವುದಿಲ್ಲ. ಇದಕ್ಕೆ ಗಣಿತದ ರೂಪ ಕೊಟ್ಟವರು ಅದೇ ಊರಿನ ಗುಸ್ಟಾವ್ ಫೆಕ್ನರ್. ಅವರ ಬದುಕನ್ನು ಇಲ್ಲಿ ನೆನೆಯದೆ ಮುಂದೆ ಹೋಗಲು ಮನಸ್ಸು ಬಾರದು. ಬೆಳಕನ್ನು ದಿಟ್ಟಿಸಿದ ಮೇಲೆ ಕಣ್ಣಿನಲ್ಲಿ ಉಳಿಯುವ ಬಿಂಬಗಳನ್ನು ಅಧ್ಯಯನ ಮಾಡಲು ಬಣ್ಣದ ಗಾಜಿನ ಮೂಲಕ ಸೂರ್ಯನನ್ನೇ ನೋಡುತ್ತಿದ್ದ ಈ ಭೌತವಿಜ್ಞಾನಿ, 1840ರ ಸುಮಾರಿಗೆ ಕಣ್ಣು ಕೆಡಿಸಿಕೊಂಡು, ಪ್ರಾಧ್ಯಾಪಕ ಹುದ್ದೆಯನ್ನು ಬಿಟ್ಟು, ಸುಮಾರು ಮೂರು ವರ್ಷ ಕತ್ತಲೆಯಲ್ಲಿಯೇ ಕಳೆಯಬೇಕಾಯಿತು. ಚೇತರಿಸಿಕೊಂಡ ಮೇಲೆ 1860ರಲ್ಲಿ ಅವರು ಪ್ರಕಟಿಸಿದ ಗ್ರಂಥವೇ ಸಂವೇದನೆಯನ್ನು ಅಳೆಯುವ ಶಾಸ್ತ್ರಕ್ಕೆ ತಳಹದಿಯಾಯಿತು.

ವೇಬರ್ ಮತ್ತು ಫೆಕ್ನರ್ ಕಂಡುಕೊಂಡ ಅನುಪಾತದ ನಿಯಮಕ್ಕೂ ಟಿವಿಗೂ ಹಳೆಯ ನಂಟಿದೆ. ಹಿಂದಿನ ಪಿಕ್ಚರ್ ಟ್ಯೂಬಿನ ಇಲೆಕ್ಟ್ರಾನ್ ಗನ್ ವೋಲ್ಟೇಜನ್ನು ನೇರ ಅನುಪಾತದಲ್ಲಿ ಬೆಳಕಾಗಿ ಮಾರ್ಪಡಿಸುತ್ತಿರಲಿಲ್ಲ. ಅರ್ಧ ಸಂಕೇತ ಕೊಟ್ಟರೆ ಅರ್ಧ ಬೆಳಕಿನ ಬದಲು ಸುಮಾರು ಐದನೆಯ ಒಂದು ಭಾಗ ಬೆಳಕಷ್ಟೇ ಹೊರಡುತ್ತಿತ್ತು. ಗಾಮಾ ಎಂದು ಕರೆಯುವ ಈ ವಕ್ರರೇಖೆ ಕಣ್ಣಿನ ಸ್ವಭಾವಕ್ಕೆ ಹೆಚ್ಚುಕಡಿಮೆ ಹೊಂದಿಕೊಂಡದ್ದರಿಂದ, ಟ್ಯೂಬು ಹೋಗಿ ಎಲ್‌ಸಿಡಿ ಬಂದ ಮೇಲೂ ಉಳಿದುಕೊಂಡಿತು. ಇಂದಿನ ಮಾನಕದ ಪ್ರಕಾರ ಅದರ ಘಾತ 2.4, ಅಂದರೆ ಸಂಕೇತದ 2.4ನೆಯ ಘಾತಕ್ಕೆ ಅನುಗುಣವಾಗಿ ಬೆಳಕು ಹೊರಡುತ್ತದೆ. ಸಂಕೇತವನ್ನು 0ರಿಂದ 255ರವರೆಗಿನ ಸಂಖ್ಯೆಯಾಗಿ ಬರೆಯುವ ಸಾಮಾನ್ಯ 8 ಬಿಟ್ ವೀಡಿಯೊದಲ್ಲಿ ಕಪ್ಪು 16ರಲ್ಲಿಯೂ ಬಿಳುಪು 235ರಲ್ಲಿಯೂ ಇರುತ್ತದೆ. ನಡುವೆ ಇರುವುದು 219 ಮೆಟ್ಟಿಲುಗಳು ಮಾತ್ರ. ನೂರನೆಯ ಮೆಟ್ಟಿಲಿನಿಂದ ನೂರೊಂದಕ್ಕೆ ಏರಿದಾಗ ಬೆಳಕು ಶೇಕಡಾ 2.4ರಷ್ಟು ಹೆಚ್ಚುತ್ತದೆ, ಅದು ಕಣ್ಣಿಗೆ ಹೆಚ್ಚೇನೂ ತಾಗದು. ಆದರೆ ಹತ್ತರಿಂದ ಹನ್ನೊಂದಕ್ಕೆ ಏರಿದಾಗ ಹೆಚ್ಚುವುದು ಸುಮಾರು ಶೇಕಡಾ 26. ಕ್ಯಾಲ್ಕುಲೇಟರ್ ಇರುವವರು 1.1ರ 2.4ನೆಯ ಘಾತವನ್ನು ಕಂಡುಹಿಡಿದು ಪರೀಕ್ಷಿಸಿಕೊಳ್ಳಬಹುದು. ಪೂರ್ಣ ಬಿಳುಪಿನ ಸಾವಿರದಲ್ಲಿ ನಾಲ್ಕು ಪಾಲಿಗಿಂತ ಮಂದವಾದುದೆಲ್ಲವೂ, ಅಂದರೆ ಕಪ್ಪು ಉಡುಪಿನ ಸೈನಿಕನ ಹಿಂದಿರುವ ಕೋಟೆಯ ಗೋಡೆ, ಅದರಾಚೆಯ ಮಂಜು, ಮಂಜಿನ ಆಚೆಯ ಕಾಡು ಇವೆಲ್ಲವೂ, ಮೊದಲ 22 ಮೆಟ್ಟಿಲುಗಳಲ್ಲಿಯೇ ಅಡಕವಾಗಬೇಕು. ಆಗಸದ ನಯವಾದ ಇಳಿಬೆಳಕು ಪಟ್ಟೆಪಟ್ಟೆಯಾಗಿ ಒಡೆಯುವುದು ಇದರಿಂದಲೇ. ಎರಡು ಪಟ್ಟೆಗಳು ಸೇರುವ ಅಂಚನ್ನು ಇದ್ದುದಕ್ಕಿಂತ ಹರಿತವಾಗಿ ತೋರಿಸುವ ಚಾಳಿ ಕಣ್ಣಿನದೇ. 1865ರಲ್ಲಿ ಅರ್ನ್ಸ್ಟ್ ಮಾಕ್ ಅದನ್ನು ವಿವರಿಸಿದ್ದರು.

ಮೆಟ್ಟಿಲುಗಳ ಕೊರತೆಯ ಮೇಲೆ ಎರಗಿದ ಎರಡನೆಯ ಪೆಟ್ಟು ಕಂಪ್ರೆಷನ್ನಿನದು, ಅಂದರೆ ವೀಡಿಯೊವನ್ನು ಕಡಿಮೆ ಬಿಟ್‌ಗಳಿಗೆ ಕುಗ್ಗಿಸುವುದರದು. 1920ಕ್ಕೆ 1080 ಬಿಂದುಗಳ ಚಿತ್ರ, ಬಿಂದುವಿಗೆ 24 ಬಿಟ್ (ಮೂರು ಬಣ್ಣಗಳಿಗೆ ತಲಾ 8), ಸೆಕೆಂಡಿಗೆ 24 ಫ್ರೇಮ್ ಎಂದು ಗುಣಿಸಿದರೆ ಸೆಕೆಂಡಿಗೆ ಸುಮಾರು 119 ಕೋಟಿ ಬಿಟ್‌ಗಳಾಗುತ್ತವೆ. ಮನೆಗೆ ಬರುವ ಇಂಟರ್ನೆಟ್ ಸ್ಟ್ರೀಮಿನಲ್ಲಿ ಅದಕ್ಕೆ ಸಿಗುವುದು 50 ಲಕ್ಷದ ಆಸುಪಾಸು. ಇನ್ನೂರಕ್ಕೂ ಹೆಚ್ಚು ಪಟ್ಟು ಕುಗ್ಗಿಸುವ ಈ ಕೆಲಸದ ಹೃದಯದಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಒಬ್ಬರ ಕಲ್ಪನೆಯಿದೆ ಎಂಬುದು ನಮ್ಮಲ್ಲಿ ಸಾಕಷ್ಟು ಜನರಿಗೆ ಗೊತ್ತಿಲ್ಲ. 1940ರಲ್ಲಿ ಹುಟ್ಟಿ, ಇಂದು ಯುವಿಸಿಇ ಎಂದು ಕರೆಯುವ ಕಾಲೇಜಿನಲ್ಲಿ 1961ರಲ್ಲಿ ಎಂಜಿನಿಯರಿಂಗ್ ಪದವಿ ಪಡೆದು ಅಮೆರಿಕಕ್ಕೆ ಹೋದ ನಾಸಿರ್ ಅಹ್ಮದ್, ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಎಂಬ ವಿಧಾನವನ್ನು ಅಭಿವೃದ್ಧಿಪಡಿಸಲು 1972ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಧನಸಹಾಯ ಕೇಳಿದರು. ಕಲ್ಪನೆ ತೀರಾ ಸರಳವೆಂಬ ಕಾರಣಕ್ಕೆ ಪ್ರಸ್ತಾವ ತಿರಸ್ಕೃತವಾಯಿತು. ಅವರು ಎದೆಗುಂದದೆ ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಂದಿಗೆ 1974ರ ಜನವರಿಯಲ್ಲಿ ಪ್ರಬಂಧ ಪ್ರಕಟಿಸಿದರು. ನಿಮ್ಮ ಮೊಬೈಲಿನ ಜೆಪೆಗ್ ಫೋಟೊದಿಂದ ಹಿಡಿದು ಹೆಚ್ಚುಕಡಿಮೆ ಎಲ್ಲ ಡಿಜಿಟಲ್ ವೀಡಿಯೊಗಳವರೆಗೆ ಇಂದು ಕೆಲಸ ಮಾಡುತ್ತಿರುವುದು ಆ ಸರಳ ಕಲ್ಪನೆ ಮತ್ತು ಅದರ ಸಂತತಿ.

ಅದು ಕೆಲಸ ಮಾಡುವ ಬಗೆ ಹೀಗೆ. ಚಿತ್ರವನ್ನು ಎಂಟಕ್ಕೆ ಎಂಟು ಬಿಂದುಗಳಂಥ ಸಣ್ಣ ಚೌಕಗಳಾಗಿ ಒಡೆದು, ಪ್ರತಿ ಚೌಕವನ್ನು ನಿಧಾನವಾಗಿ ಏರಿಳಿಯುವ ಅಲೆಗಳ ಮತ್ತು ಬೇಗಬೇಗ ಏರಿಳಿಯುವ ಅಲೆಗಳ ಮೊತ್ತವಾಗಿ ಬರೆಯಲಾಗುತ್ತದೆ. ಚೌಕದ ಸರಾಸರಿ ಬೆಳಕು ಮೊದಲ ಅಂಕಿಯಲ್ಲಿರುತ್ತದೆ, ಕೂದಲೆಳೆಯಂಥ ಸೂಕ್ಷ್ಮ ವಿವರಗಳು ಕೊನೆಯ ಅಂಕಿಗಳಲ್ಲಿರುತ್ತವೆ. ಬಳಿಕ ಈ ಅಂಕಿಗಳನ್ನು ನಿಗದಿತ ಸಂಖ್ಯೆಗಳಿಂದ ಭಾಗಿಸಿ ದಶಮಾಂಶಗಳನ್ನು ಕೈಬಿಡಲಾಗುತ್ತದೆ. ಸಣ್ಣ ಅಂಕಿಗಳೆಲ್ಲ ಸೊನ್ನೆಯಾಗುತ್ತವೆ, ಸೊನ್ನೆಗಳ ಸಾಲನ್ನು ಕಳಿಸಲು ಬಿಟ್‌ಗಳು ಹೆಚ್ಚು ಬೇಕಾಗುವುದಿಲ್ಲ. ಹಗಲಿನ ದೃಶ್ಯದಲ್ಲಿ ಮುಖದ ಒಂದು ಸುಕ್ಕಿಗೂ ಕೆನ್ನೆಗೂ ಮೂವತ್ತು ಮೆಟ್ಟಿಲುಗಳ ಅಂತರವಿದ್ದರೆ ಅದು ಈ ಭಾಗಾಕಾರವನ್ನು ದಾಟಿ ಉಳಿಯುತ್ತದೆ. ರಾತ್ರಿಯಲ್ಲಿ ಅದೇ ಸುಕ್ಕಿಗೂ ಕೆನ್ನೆಗೂ ಎರಡೇ ಮೆಟ್ಟಿಲುಗಳ ಅಂತರ. ಅದು ಸೊನ್ನೆಯಾಗುತ್ತದೆ, ಇಡೀ ಚೌಕ ಒಂದೇ ಬೂದು ಬಣ್ಣಕ್ಕೆ ಇಳಿಯುತ್ತದೆ. ಎರಡು ಮೆಟ್ಟಿಲುಗಳ ತಪ್ಪು ಎಲ್ಲೆಡೆಯೂ ಎರಡೇ ಎಂದು ಎನ್‌ಕೋಡರಿನ, ಅಂದರೆ ಹೀಗೆ ಕುಗ್ಗಿಸುವ ಸಾಧನದ, ಅಂಕಗಣಿತ ನಂಬುತ್ತದೆ. ಆದರೆ ಕತ್ತಲೆಯಲ್ಲಿ ಎರಡು ಮೆಟ್ಟಿಲೆಂದರೆ ಬೆಳಕು ಅರ್ಧದಷ್ಟು ಹೆಚ್ಚಿದಂತೆ ಎಂಬುದನ್ನು ಮೇಲಿನ ಲೆಕ್ಕ ತೋರಿಸುತ್ತದೆ.

ಇದರ ಜೊತೆಗೆ ಈ ಕಂತಿನಲ್ಲಿ ಹಿಮಗಾಳಿ, ಹೊಗೆ, ನುಗ್ಗಿ ಬರುವ ಸಾವಿರಾರು ದೇಹಗಳು ಇದ್ದವು. ವೀಡಿಯೊ ಎನ್‌ಕೋಡರ್ ತನ್ನ ಉಳಿತಾಯದ ಬಹುಪಾಲನ್ನು ಪಡೆಯುವುದು ಹಿಂದಿನ ಫ್ರೇಮಿನ ತುಣುಕನ್ನು ಇಲ್ಲಿಂದ ಅಲ್ಲಿಗೆ ಸರಿಸಿ ಮುಂದಿನ ಫ್ರೇಮನ್ನು ಊಹಿಸುವುದರಿಂದ. ನಡೆದು ಹೋಗುವ ಮನುಷ್ಯನ ವಿಷಯದಲ್ಲಿ ಈ ಊಹೆ ಫಲಿಸುತ್ತದೆ. ಸುಳಿಸುಳಿಯಾಗಿ ಹಾರುವ ಹಿಮದ ಕಣಗಳ ವಿಷಯದಲ್ಲಿ ಫಲಿಸುವುದಿಲ್ಲ. ಊಹೆ ತಪ್ಪಿದಾಗ ಬಿಟ್‌ಗಳು ಆ ಗದ್ದಲಕ್ಕೇ ಖರ್ಚಾಗಿ, ಹಿಂದಿರುವ ಮಂದ ಮುಖಗಳಿಗೆ ಏನೂ ಉಳಿಯುವುದಿಲ್ಲ. ಮೋಡದ ಮೇಲೆ ಡ್ರ್ಯಾಗನ್ನುಗಳು ಕಾದಾಡುವ ದೃಶ್ಯದಲ್ಲಿ ಯಾವುದು ಯಾರ ಡ್ರ್ಯಾಗನ್ ಎಂದು ಜನ ತಲೆ ಕೆರೆದುಕೊಂಡರು. ಅದೇ ಕಂತಿನ ಆರಂಭದಲ್ಲಿ, ಉರಿಯುವ ಖಡ್ಗ ಹಿಡಿದ ದೊಥ್ರಾಕಿ ಕುದುರೆ ಸವಾರರು ಕತ್ತಲೆಯೊಳಗೆ ನುಗ್ಗಿ, ದೂರದಲ್ಲಿ ಆ ಜ್ವಾಲೆಗಳು ಒಂದೊಂದಾಗಿ ಆರಿಹೋಗುವ ದೃಶ್ಯವನ್ನು ಅರ್ಥ ಮಾಡಿಕೊಳ್ಳಲು ಯಾರೂ ತಿಣುಕಲಿಲ್ಲ, ಟೀಕಾಕಾರರೂ ಅದನ್ನು ಕೊಂಡಾಡಿದರು. ಅದು ಕಂತಿನಲ್ಲಿ ಎಲ್ಲಕ್ಕಿಂತ ಕಪ್ಪಾದ ಚೌಕಟ್ಟುಗಳಲ್ಲೊಂದು. ಕಪ್ಪು ಹಿನ್ನೆಲೆಯ ಮೇಲಿನ ಪ್ರಖರ ಬಿಂದುಗಳು ದೊಡ್ಡ ಅಂಕಿಗಳಾದ್ದರಿಂದ ಭಾಗಾಕಾರದಲ್ಲಿ ಸಾಯುವುದಿಲ್ಲ. ಹಾಗಾಗಿ ಕಂತಿನ ಕಾಯಿಲೆ ಕತ್ತಲೆಯಲ್ಲ, ಮಂದಬೆಳಕು.

ಇನ್ನು ಕೋಣೆಯ ವಿಷಯ. ಇಲ್ಲಿ ವ್ಯಾಗ್ನರ್ ಅವರ ಮಾತಿನಲ್ಲಿ ಸತ್ಯಾಂಶವಿದೆ. ಬಿಳುಪಿನಲ್ಲಿ 100 ನಿಟ್ (ಪರದೆಯ ಹೊಳಪಿನ ಅಳತೆ) ಬೆಳಕು ಚೆಲ್ಲುವ ಟಿವಿಯಲ್ಲಿ ಶೇಕಡಾ 10ರ ಸಂಕೇತ ಹೊರಡಿಸುವುದು 0.4 ನಿಟ್ ಮಾತ್ರ. ಪರದೆಯ ಮೇಲೆ 100 ಲಕ್ಸ್ (ಮೇಲೆ ಬೀಳುವ ಬೆಳಕಿನ ಅಳತೆ) ಬೆಳಕು ಬೀಳುವ ಸಾಧಾರಣ ಕೋಣೆಯಲ್ಲಿ, ಪರದೆ ಅದರ ಶೇಕಡಾ 2ನ್ನು ಚದುರಿಸಿದರೂ 0.6 ನಿಟ್ ಆಗುತ್ತದೆ. ಚಿತ್ರಕ್ಕಿಂತ ಗೋಡೆಯ ದೀಪದ ಪ್ರತಿಫಲನವೇ ಹೆಚ್ಚು. ಭಾರತದ ಅಭಿಮಾನಿಗಳ ಪಾಡು ಇನ್ನೂ ವಿಚಿತ್ರ. ಅಮೆರಿಕದ ರಾತ್ರಿ 9 ಗಂಟೆಗೆ ಸರಿಯಾಗಿ ಇಲ್ಲಿ ಹಾಟ್‌ಸ್ಟಾರ್‌ನಲ್ಲಿ ಕಂತು ಬರುತ್ತಿದ್ದುದು ಸೋಮವಾರ ಬೆಳಿಗ್ಗೆ 6.30ಕ್ಕೆ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ಸೂರ್ಯ ಆ ಹೊತ್ತಿಗಾಗಲೇ ಮೇಲೆ ಬಂದಿರುತ್ತಾನೆ, 82 ನಿಮಿಷ ಮುಗಿಯುವಷ್ಟರಲ್ಲಿ ಕಿಟಕಿಯಿಂದ ಪರದೆಗೆ ಬಿಸಿಲೇ ಬೀಳುತ್ತಿರುತ್ತದೆ. ಆಫೀಸಿಗೆ ಹೋಗುವ ದಾರಿಯಲ್ಲಿ ಯಾರಾದರೂ ಅಂತ್ಯ ಹೇಳಿಬಿಡುತ್ತಾರೆಂಬ ಭಯಕ್ಕೆ ರಾತ್ರಿಯವರೆಗೆ ಕಾಯುವುದೂ ಸಾಧ್ಯವಿರಲಿಲ್ಲ. ಕತ್ತಲೆಯಲ್ಲಿ ಟಿವಿ ನೋಡಿದರೆ ಕಣ್ಣು ಹಾಳಾಗುತ್ತದೆಂದು ಹಿರಿಯರು ಹೇಳುತ್ತಾರಲ್ಲ, ಆಯಾಸವಾಗಬಹುದೇ ಹೊರತು ಕಣ್ಣು ಹಾಳಾಗುವುದಿಲ್ಲ. ದೀಪ ಬೇಕೇ ಬೇಕೆಂದರೆ ಅದನ್ನು ಟಿವಿಯ ಹಿಂಬದಿಗೆ ಇಟ್ಟುಕೊಳ್ಳಿ.

ಕೋಣೆ ಕತ್ತಲಾಗಿದ್ದವರಿಗೂ ಸಮಸ್ಯೆ ತಪ್ಪಲಿಲ್ಲ, ಅವರಿಗೆ ಇನ್ನೊಂದು ತೊಡಕು ಎದುರಾಯಿತು. ಕತ್ತಲೆಗೆ ಒಗ್ಗಲು ಕಣ್ಣಿನಲ್ಲಿ ಬಣ್ಣ ಗುರುತಿಸುವ ಶಂಕುಕೋಶಗಳಿಗೆ ಹತ್ತು ನಿಮಿಷ ಸಾಕು, ಮಂದಬೆಳಕಿನಲ್ಲಿ ಕೆಲಸ ಮಾಡುವ ದಂಡಕೋಶಗಳಿಗೆ ಅರ್ಧ ಗಂಟೆ ಬೇಕು. ಹಾಗೆ ಒಗ್ಗಿದ ಕಣ್ಣು ಎನ್‌ಕೋಡರ್ ಎಸೆದುಬಿಟ್ಟ ವಿವರವನ್ನೇನೂ ಹುಡುಕಿ ತರುವುದಿಲ್ಲ. ಚೌಕಗಳ ಅಂಚುಗಳನ್ನೂ ಪಟ್ಟೆಗಳನ್ನೂ ಇನ್ನಷ್ಟು ಚೆನ್ನಾಗಿ ಕಾಣುತ್ತದೆ. ಬ್ರೈಟ್‌ನೆಸ್ ಹೆಚ್ಚಿಸುವುದರ ಫಲವೂ ಇದೇ: ಸೊನ್ನೆಯಾದ ಅಂಕಿ ಸೊನ್ನೆಯಾಗಿಯೇ ಉಳಿದು, ಕಪ್ಪು ಬೂದಾಗುತ್ತದೆ. ಬಿಂದುಗಳ ಸಂಖ್ಯೆ ಹೆಚ್ಚಿರುವ ಹೊಸ ಟಿವಿ ಕೊಂಡವರಿಗೂ ಆ ದಿನ ಪ್ರಯೋಜನವಾಗಲಿಲ್ಲ, ಏಕೆಂದರೆ ಬಂದ ಸಂಕೇತದಲ್ಲಿಯೇ ಮೆಟ್ಟಿಲುಗಳಿರಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಅಲ್ಟ್ರಾ ಎಚ್‌ಡಿ ಬ್ಲೂ-ರೇ ಡಿಸ್ಕ್ ಬಂತು: 10 ಬಿಟ್, ಅಂದರೆ ಪ್ರತಿ ಮೆಟ್ಟಿಲಿನ ಜಾಗದಲ್ಲಿ ನಾಲ್ಕು, ಜೊತೆಗೆ ಸ್ಟ್ರೀಮಿಗಿಂತ ಹತ್ತಾರು ಪಟ್ಟು ಹೆಚ್ಚು ಬಿಟ್‌ಗಳಿಗೆ ಅವಕಾಶ. ಕಂತು ಅದರಲ್ಲಿಯೂ ಕತ್ತಲೆಯದೇ, ಆದರೆ ಆ ಕತ್ತಲೆಯೊಳಗೆ ಆಕಾರಗಳು ಕಾಣುತ್ತಿದ್ದವು.

ಈ ಅನುಭವದಿಂದ ನಿರ್ಮಾಪಕರು ಕಲಿತದ್ದು ಕಡಿಮೆ. 2022ರ ಅಕ್ಟೋಬರ್ 2ರಂದು ‘ಹೌಸ್ ಆಫ್ ದಿ ಡ್ರ್ಯಾಗನ್’ ಸರಣಿಯ ಏಳನೆಯ ಕಂತಿನಲ್ಲಿ ಹಗಲಿನಲ್ಲಿ ಚಿತ್ರೀಕರಿಸಿ ರಾತ್ರಿಯಾಗಿ ಮಾರ್ಪಡಿಸಿದ ದೃಶ್ಯಗಳ ಬಗ್ಗೆ ಅದೇ ದೂರು ಎದ್ದಿತು. ನಿರ್ದೇಶಕರೂ ‘ದಿ ಲಾಂಗ್ ನೈಟ್’ ನಿರ್ದೇಶಿಸಿದ್ದವರೇ, ಮಿಗೆಲ್ ಸಪೋಚ್ನಿಕ್. ಇದು ಉದ್ದೇಶಪೂರ್ವಕವಾದ ಸೃಜನಶೀಲ ನಿರ್ಧಾರವೆಂಬ ಉತ್ತರ ವಾಹಿನಿಯ ಕಡೆಯಿಂದ ಬಂತು. ಸ್ಟುಡಿಯೊದ ಲಕ್ಷಾಂತರ ರೂಪಾಯಿಯ ಮಾನಿಟರಿನಲ್ಲಿ ನಿರ್ಧರಿಸಿದ ಕತ್ತಲೆಯನ್ನು, ಎನ್‌ಕೋಡ್ ಆದ ಬಳಿಕ ಸಾಧಾರಣ ಟಿವಿಯಲ್ಲಿ ಒಮ್ಮೆ ನೋಡುವುದು ಸೃಜನಶೀಲತೆಗೆ ಧಕ್ಕೆ ತರುವ ಕೆಲಸವೇನೂ ಅಲ್ಲ.

ಪಟ್ಟೆಗಳಿಗೆ ಮದ್ದು ಅರವತ್ತರ ದಶಕದಷ್ಟು ಹಳೆಯದು. ಮುಂದೆ ಇಂಟರ್ನೆಟ್ಟಿನ ಪೂರ್ವಜ ಅರ್ಪಾನೆಟ್‌ನ ರೂವಾರಿಯಾದ ಲಾರೆನ್ಸ್ ರಾಬರ್ಟ್ಸ್, ಚಿತ್ರವನ್ನು ಮೆಟ್ಟಿಲುಗಳಾಗಿ ಕತ್ತರಿಸುವ ಮುನ್ನ ಅದಕ್ಕೆ ಬೇಕೆಂದೇ ಒಂದಿಷ್ಟು ಯಾದೃಚ್ಛಿಕ ಗದ್ದಲ, ಅಂದರೆ ಬಿಂದುಗಳ ಬೆಳಕಿನಲ್ಲಿ ಕ್ರಮವಿಲ್ಲದ ಸಣ್ಣ ಏರುಪೇರು, ಬೆರೆಸಿದರೆ ಪಟ್ಟೆಗಳು ಕರಗುತ್ತವೆಂದು 1962ರಲ್ಲಿ ತೋರಿಸಿದ್ದರು. ಸಮಸ್ಯೆಯೆಂದರೆ ಎನ್‌ಕೋಡರ್ ಮೊದಲು ಅಳಿಸುವುದೇ ಆ ಗದ್ದಲವನ್ನು. 2018ರಲ್ಲಿ ಪ್ರಕಟವಾದ ಎವಿ1 ಎಂಬ ವೀಡಿಯೊ ಮಾನಕ ಇದಕ್ಕೆ ಜಾಣ ದಾರಿಯನ್ನು ಒದಗಿಸಿತು: ಫಿಲ್ಮಿನ ಕಣಕಣವಾದ ಗದ್ದಲವನ್ನು ಕಳಿಸುವಾಗ ತೆಗೆದುಹಾಕಿ, ಅದರ ಸ್ವರೂಪವನ್ನು ಮಾತ್ರ ಕೆಲವು ಅಂಕಿಗಳಲ್ಲಿ ಬರೆದು ಕಳಿಸಿದರೆ, ಮನೆಯ ಟಿವಿಯೇ ಅಂಥದೇ ಗದ್ದಲವನ್ನು ಹೊಸದಾಗಿ ಸೃಷ್ಟಿಸಿ ಚಿತ್ರದ ಮೇಲೆ ಹರಡುತ್ತದೆ. ವಿಂಟರ್‌ಫೆಲ್ಲಿನ ಯುದ್ಧ ಪ್ರಸಾರವಾಗುವ ಹೊತ್ತಿಗೆ ಈ ಮಾನಕಕ್ಕೆ ಒಂದು ವರ್ಷ ತುಂಬಿತ್ತು. ಆದರೆ ಆಗ ಮನೆಗಳಲ್ಲಿದ್ದ ಬಹುತೇಕ ಟಿವಿಗಳಲ್ಲಿ ಅದನ್ನು ಬಿಡಿಸಿ ಓದುವ ಚಿಪ್ ಇರಲಿಲ್ಲ.