ಒಂದೇ ದೇಶ, ಒಂದು ಬಾಟಲಿಗೆ ಎರಡು ಕಾನೂನು

ಇಂಗ್ಲೆಂಡಿನ ಕಾರ್ಲೈಲ್‌ನಿಂದ ಸ್ಕಾಟ್ಲೆಂಡಿನ ಗ್ರೆಟ್ನಾಗೆ ಕಾರಲ್ಲಿ ಹೆಚ್ಚೆಂದರೆ ಇಪ್ಪತ್ತು ನಿಮಿಷ. ಎರಡೂ ಬ್ರಿಟನ್ನಿನೊಳಗೇ ಇವೆ, ನಡುವೆ ಚೆಕ್‌ಪೋಸ್ಟ್ ಇಲ್ಲ. ದುಡ್ಡೂ ಒಂದೇ, ಪೌಂಡು. ಆದರೆ 700 ಮಿಲಿಲೀಟರಿನ ಒಂದು ವೋಡ್ಕಾ ಬಾಟಲಿಯನ್ನು ಗ್ರೆಟ್ನಾದ ಅಂಗಡಿಯವರು 17 ಪೌಂಡಿಗಿಂತ ಕಮ್ಮಿಗೆ ಮಾರುವಂತಿಲ್ಲ. ಕಾರ್ಲೈಲ್‌ನಲ್ಲಿ ಈ ಕಟ್ಟುಪಾಡು ಇಲ್ಲ.

ಲೆಕ್ಕ ಸುಲಭ. ಅಲ್ಲಿ 10 ಮಿಲಿಲೀಟರ್ ಅಪ್ಪಟ ಆಲ್ಕೋಹಾಲಿಗೆ ಒಂದು ಯೂನಿಟ್ ಅಂತಾರೆ. ವೋಡ್ಕಾದಲ್ಲಿ ಶೇ. 37.5 ಆಲ್ಕೋಹಾಲ್ ಇದ್ದರೆ ಬಾಟಲಿಗೆ 26.25 ಯೂನಿಟ್. ಒಂದು ಯೂನಿಟ್‌ಗೆ ಕನಿಷ್ಠ 65 ಪೆನ್ಸ್ ಇರಲೇಬೇಕು (ನೂರು ಪೆನ್ಸ್ ಅಂದರೆ ಒಂದು ಪೌಂಡ್). ಗುಣಿಸಿ ನೋಡಿ, 17 ಪೌಂಡ್ ದಾಟುತ್ತದೆ.

ಅಗ್ಗದ ಮದ್ಯ ಮನೆ ಹಾಳು ಮಾಡುತ್ತಿದೆ ಅಂತ ಸ್ಕಾಟ್ಲೆಂಡಿನ ಸಂಸತ್ತು 2012ರಲ್ಲಿ ಈ ಕಾನೂನು ಮಾಡಿತು. ಬೆಲೆ ಏರಿಸೋಕೆ ತೆರಿಗೆ ಹಾಕಿದ್ದರೆ ಸಾಕಿತ್ತಲ್ವಾ? ನಮ್ಮಲ್ಲಿ ಹಾಗೇ ಆಗುತ್ತದೆ. ಮದ್ಯದ ಅಬಕಾರಿ ಸುಂಕ ರಾಜ್ಯದ ಕೈಯಲ್ಲಿದೆ. ಕರ್ನಾಟಕ ಸರ್ಕಾರ ಅದನ್ನು ಏರಿಸಿದರೆ ಬಾಟಲಿ ದುಬಾರಿಯಾಗುತ್ತದೆ, ಖಜಾನೆಗೂ ದುಡ್ಡು ಬರುತ್ತದೆ. ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರಾದಲ್ಲಿ ಕೂತವರಿಗೆ ಆ ದಾರಿಯೇ ಮುಚ್ಚಿದೆ. ಅಲ್ಲಿ ಮದ್ಯದ ಸುಂಕ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸಂಸತ್ತಿಗೆ ಸೇರಿದ್ದು. ಆದರೆ ಜನರ ಆರೋಗ್ಯ, ಮದ್ಯದಂಗಡಿಯ ಲೈಸೆನ್ಸ್ ಎರಡೂ ಸ್ಕಾಟ್ಲೆಂಡಿನವು. ಹಾಗಾಗಿ ತಮ್ಮ ಕೈಗೆ ಎಟುಕುವುದನ್ನೇ ಹಿಡಿದು, ಬೆಲೆ ಇದಕ್ಕಿಂತ ಕೆಳಗಿಳಿಯಬಾರದು ಅಂತ ಗೆರೆ ಎಳೆದರು. ಏರಿದ ಬೆಲೆಯ ಲಾಭ ಸುಂಕವಾಗಿ ಸರ್ಕಾರಕ್ಕೆ ಹೋಗುವ ಬದಲು ಮಾರುವವರ ಬಳಿಯೇ ಉಳಿಯುತ್ತದೆ. ಕಾನೂನಿನ ಉದ್ದೇಶ ಎಷ್ಟೇ ಒಳ್ಳೆಯದಿದ್ದರೂ ಅಧಿಕಾರ ಹಂಚಿದ ರೀತಿ ಅದರ ಆಕಾರವನ್ನೇ ಹೀಗೆ ಬದಲಿಸಿಬಿಡುತ್ತದೆ.

ವಿಸ್ಕಿ ತಯಾರಕರ ಸಂಘಟನೆಯಾದ ಸ್ಕಾಚ್ ವಿಸ್ಕಿ ಅಸೋಸಿಯೇಷನ್ ಇದನ್ನು ಕೋರ್ಟಿಗೆ ಎಳೆಯಿತು. ಯುರೋಪಿಯನ್ ಒಕ್ಕೂಟದ ಕಾನೂನನ್ನು ಮೀರುವ ಅಧಿಕಾರ ಆಗ ಸ್ಕಾಟ್ಲೆಂಡಿಗೆ ಇರಲಿಲ್ಲ, ವಾದ ಅದರ ಮೇಲೇ ನಡೆಯಿತು. 2017ರ ನವೆಂಬರ್‌ನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಸ್ಕಾಟ್ಲೆಂಡಿನ ಪರ ತೀರ್ಪು ಕೊಟ್ಟಿತು. 2018ರ ಮೇ 1ರಿಂದ 50 ಪೆನ್ಸ್ ದರ ಜಾರಿಗೆ ಬಂತು. 65 ಆಗಿದ್ದು 2024ರಲ್ಲಿ.

ಈ ಹಂಚಿಕೆಯ ಮೂಲ 1998ರ ಸ್ಕಾಟ್ಲೆಂಡ್ ಕಾಯ್ದೆ. ನನಗೆ ತುಂಬಾ ಹಿಡಿಸಿದ್ದು ಅದರ ಐದನೇ ಷೆಡ್ಯೂಲ್. ಸ್ಕಾಟ್ಲೆಂಡ್ ಏನು ಮಾಡಬಹುದು ಅಂತ ಅಲ್ಲಿ ಬರೆದಿಲ್ಲ, ಯಾವುದನ್ನು ಮುಟ್ಟಬಾರದು ಅಂತ ಬರೆದಿದ್ದಾರೆ. ರಕ್ಷಣೆ, ವಿದೇಶಾಂಗ, ವಲಸೆ, ಕರೆನ್ಸಿ, ಕೊನೆಗೆ ಬಾಹ್ಯಾಕಾಶವೂ ಇದೆ! ಈ ಪಟ್ಟಿಯಲ್ಲಿ ಇಲ್ಲದ್ದು ಹೆಚ್ಚುಕಮ್ಮಿ ಎಲ್ಲಾ ಸ್ಕಾಟ್ಲೆಂಡಿನದು. ನಮ್ಮ ಸಂವಿಧಾನದಲ್ಲಿ ಇದು ತಿರುಗಾಮುರುಗಾ. ಮೂರು ಪಟ್ಟಿಗಳಲ್ಲಿ ಎಲ್ಲೂ ಸಿಗದ ವಿಷಯ ಕೇಂದ್ರಕ್ಕೆ ಹೋಗುತ್ತದೆ.

ಇಷ್ಟು ಓದಿದರೆ ಸ್ಕಾಟ್ಲೆಂಡಿನ ಕೈಯೇ ಮೇಲು ಅನಿಸಬಹುದು. ಆದರೆ ಅದೇ ಕಾಯ್ದೆಯ 28ನೇ ಸೆಕ್ಷನ್ ನೋಡಿ. ಕೊಟ್ಟ ವಿಷಯಗಳ ಮೇಲೂ ವೆಸ್ಟ್‌ಮಿನ್‌ಸ್ಟರ್ ಕಾನೂನು ಮಾಡಬಹುದು ಅಂತ ಅದರಲ್ಲಿದೆ. ಸ್ಕಾಟ್ಲೆಂಡಿನ ಒಪ್ಪಿಗೆ ಇಲ್ಲದೆ 'ಸಾಮಾನ್ಯವಾಗಿ' ಹಾಗೆ ಮಾಡುವುದಿಲ್ಲ ಅನ್ನುವುದು ಒಂದು ಪದ್ಧತಿ, ಸಿವೆಲ್ ಪದ್ಧತಿ ಅಂತ ಹೆಸರು. 2016ರಲ್ಲಿ ಅದನ್ನು ಕಾಯ್ದೆಗೇ ಸೇರಿಸಿದರು. ಮರುವರ್ಷವೇ ಬ್ರೆಕ್ಸಿಟ್ (ಯುರೋಪಿಯನ್ ಒಕ್ಕೂಟದಿಂದ ಬ್ರಿಟನ್ ಹೊರಬರುವುದು) ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇದು ರಾಜಕೀಯ ಪದ್ಧತಿ, ಇದನ್ನು ಪಾಲಿಸಿ ಅಂತ ಕೋರ್ಟ್ ಹೇಳಲಾಗದು ಅಂದಿತು. 2018ರಲ್ಲಿ ಬ್ರೆಕ್ಸಿಟ್‌ಗೆ ಬೇಕಾದ ಮಸೂದೆಗೆ ಸ್ಕಾಟ್ಲೆಂಡ್ ಒಪ್ಪಿಗೆ ಕೊಡಲಿಲ್ಲ. ವೆಸ್ಟ್‌ಮಿನ್‌ಸ್ಟರ್ ಪಾಸು ಮಾಡಿಯೇಬಿಟ್ಟಿತು. ಒಂದು ಸಂಸತ್ತಿನ ಮಾತು 'ಸಾಮಾನ್ಯವಾಗಿ' ಅನ್ನುವ ಒಂದೇ ಪದದ ಮೇಲೆ ನಿಲ್ಲಬೇಕಾಗಿ ಬಂದದ್ದು ತಪ್ಪು ಅಂತಲೇ ನನ್ನ ಅಭಿಪ್ರಾಯ. ನಮ್ಮಲ್ಲಿ ಏಳನೇ ಷೆಡ್ಯೂಲಿನ ಪಟ್ಟಿಗಳನ್ನು ಬದಲಿಸಲು ಸಂಸತ್ತಿನ ವಿಶೇಷ ಬಹುಮತದ ಜೊತೆಗೆ ಕನಿಷ್ಠ ಅರ್ಧದಷ್ಟು ರಾಜ್ಯಗಳೂ ಒಪ್ಪಬೇಕು.

ಇನ್ನೊಂದು ಬೀಗವೂ ಇದೆ, ಸ್ಕಾಟ್ಲೆಂಡಿನ ಮಸೂದೆಯನ್ನು ತಡೆಯಲು ಲಂಡನ್ನಿಗೆ ಅವಕಾಶ ಕೊಡುವ 35ನೇ ಸೆಕ್ಷನ್. ಲಿಂಗ ಗುರುತಿನ ದಾಖಲೆ ಬದಲಿಸಿಕೊಳ್ಳುವುದನ್ನು ಸುಲಭ ಮಾಡುವ ಮಸೂದೆಯನ್ನು 2022ರ ಡಿಸೆಂಬರ್‌ನಲ್ಲಿ ಸ್ಕಾಟ್ಲೆಂಡಿನ ಸಂಸತ್ತು 86–39 ಮತಗಳಿಂದ ಪಾಸು ಮಾಡಿತು. ಸಮಾನತೆಯ ಕಾನೂನಿಗೆ ತೊಂದರೆಯಾಗುತ್ತದೆ ಅಂತ ಲಂಡನ್ ಸರ್ಕಾರ ಅದನ್ನು ತಡೆಯಿತು. ಸ್ಕಾಟ್ಲೆಂಡಿನ ಸಂಸತ್ತು ಶುರುವಾದ 1999ರಿಂದ ಅಲ್ಲಿಯವರೆಗೆ ಒಮ್ಮೆಯೂ ಬಳಸದ ಬೀಗ ಅದು. ಎಡಿನ್‌ಬರಾದ ಕೋರ್ಟೂ ತಡೆ ಸರಿ ಅಂದಿತು. ಮಸೂದೆ ಕಾನೂನಾಗಲೇ ಇಲ್ಲ.