ಪದ ಪರಿಚಯ: ವರ್ಚುವಲ್ ಮಷೀನ್

ಕಳೆದ ಜುಲೈಯಲ್ಲಿ ಕೊಡಗಿನ ನಾಪೋಕ್ಲು ಕಡೆಯ ಅಕ್ಕನ ಮನೆಯಲ್ಲಿ ನಾಲ್ಕು ದಿನ ಇದ್ದೆ. ಮಳೆ ಬಿಡುವ ಲಕ್ಷಣವಿರಲಿಲ್ಲ. ಬೂಸ್ಟು ಹಿಡಿದ ಬಟ್ಟೆಗಳನ್ನು ತೆಗೆಯಲು ಅಕ್ಕ ಬೀರು ಖಾಲಿ ಮಾಡುತ್ತಿದ್ದಾಗ ಅಡಿಯಿಂದ ಒಂದು ಸಿಡಿ ಹೊರಬಂತು. ಇಪ್ಪತ್ತು ವರ್ಷಗಳ ಹಿಂದೆ ನಾವಿಬ್ಬರೂ ಕಚ್ಚಾಡಿಕೊಂಡು ಆಡುತ್ತಿದ್ದ ಆಟ ಅದು. ಹಳ್ಳಿಗರನ್ನು ಕಳಿಸಿ ಮರ ಕಡಿಸುವುದು, ಹೊಲ ಮಾಡಿಸುವುದು, ಕೋಟೆ ಕಟ್ಟಿಸುವುದು. ಹತ್ತನೇ ತರಗತಿಯಲ್ಲಿರುವ ಅಕ್ಕನ ಮಗನಿಗೆ ಅದನ್ನು ಕೂಡಲೇ ಆಡಿ ನೋಡಬೇಕೆನಿಸಿತು. ಅವನ ಲ್ಯಾಪ್‌ಟಾಪಿಗೆ ಹೊರಗಿನಿಂದ ಸಿಡಿ ಡ್ರೈವ್ ಜೋಡಿಸಿ, ಒಳಗೊಂದು ವರ್ಚುವಲ್ ಮಷೀನ್, ಅಂದರೆ ತಂತ್ರಾಂಶದಲ್ಲಿಯೇ ರೂಪಿಸಿದ ಕಂಪ್ಯೂಟರ್, ಸಿದ್ಧಪಡಿಸಿದೆ. ಲ್ಯಾಪ್‌ಟಾಪಿನ ಪರದೆಯ ನಡುವೆ ಒಂದು ಕಿಟಕಿ ತೆರೆದು, ಅದರಲ್ಲಿ ಇನ್ನೊಂದು ಕಂಪ್ಯೂಟರ್ ಮೆಲ್ಲನೆ ಎಚ್ಚರವಾಗುವುದನ್ನು ನೋಡಿ ಅವನು ಕೇಳಿದ: “ಮಾವ, ಹಾಗಾದರೆ ಇದು ಸುಳ್ಳು ಕಂಪ್ಯೂಟರೇ?”

ಅವನು ಹಾಗೆ ಕೇಳಿದ್ದರಲ್ಲಿ ತಪ್ಪಿಲ್ಲ. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಕನ್ನಡಿಯೊಳಗಿನ ಬಿಂಬಕ್ಕೆ ‘ಮಿಥ್ಯ ಪ್ರತಿಬಿಂಬ’ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಅಲ್ಲಿರುವ ಪದವೂ ‘ವರ್ಚುವಲ್’ ಎಂಬುದೇ. ಅದೇ ದಾರಿಯಲ್ಲಿ ಕಂಪ್ಯೂಟರಿನ ಲೋಕಕ್ಕೂ ‘ಮಿಥ್ಯಾ’ ಬಂದಿತು. ಬೆಳಕಿನ ಪಾಠಕ್ಕೆ ಅದು ಹೊಂದುತ್ತದೆ, ಏಕೆಂದರೆ ಕನ್ನಡಿಯ ಹಿಂದೆ ನಿಜಕ್ಕೂ ಏನೂ ಇಲ್ಲ. ಆದರೆ ವರ್ಚುವಲ್ ಮಷೀನನ್ನು ಮಿಥ್ಯಾಯಂತ್ರ ಎಂದರೆ ಅರ್ಥ ತಲೆಕೆಳಗಾಗುತ್ತದೆ. ಮಿಥ್ಯೆ ಎಂದರೆ ಇದ್ದಂತೆ ತೋರಿ ಇಲ್ಲದಿರುವುದು. ಈ ಯಂತ್ರವಾದರೋ ಮೈಯಿಲ್ಲದಿದ್ದರೂ ಕೆಲಸ ಮಾಡುತ್ತದೆ.

ನಮ್ಮಲ್ಲಿ ‘ಹೆಸರಿಗೆ ಮಾತ್ರ’ ಎಂಬ ಮಾತಿದೆ. ಹೆಸರಿಗೆ ಮಾತ್ರ ರಸ್ತೆ, ಹೆಸರಿಗೆ ಮಾತ್ರ ಸೇತುವೆ. ಇಂಗ್ಲಿಷಿನ ‘ವರ್ಚುವಲ್’ ಇದಕ್ಕೆ ನೇರ ಎದುರು: ಹೆಸರಿಗೆ ಅಲ್ಲ, ಕೆಲಸಕ್ಕೆ ಅದೇ. ಕೊಡಗಿನ ಒಂದು ಒಕ್ಕದ (ಮನೆತನದ) ಪಟ್ಟೇದಾರರು, ಅಂದರೆ ಯಜಮಾನರು, ವಯಸ್ಸಾಗಿ ಹಾಸಿಗೆ ಹಿಡಿದಿದ್ದಾರೆ ಎಂದುಕೊಳ್ಳಿ. ಐನ್‌ಮನೆಯ (ಮನೆತನದ ಮೂಲಮನೆಯ) ದುರಸ್ತಿ, ಜಾಗದ ಕಾಗದಪತ್ರ, ಒಕ್ಕದವರ ಸಭೆ ಎಲ್ಲವನ್ನೂ ಅವರ ತಮ್ಮ ನೋಡಿಕೊಳ್ಳುತ್ತಾರೆ. ಅವರನ್ನು ಯಾರೂ ಪಟ್ಟೇದಾರರೆಂದು ಕರೆಯುವುದಿಲ್ಲ. ಆದರೆ ಕೆಲಸದ ಲೆಕ್ಕದಲ್ಲಿ ಪಟ್ಟೇದಾರರು ಅವರೇ. ವರ್ಚುವಲ್ ಎಂಬುದರ ಹಳೆಯ ಅರ್ಥ ಇದು. ಇದಕ್ಕೆ ಕನ್ನಡದಲ್ಲಿ ಒಳ್ಳೆಯದೊಂದು ಪ್ರತ್ಯಯವೂ ಇದೆ: ‘ಪ್ರಾಯ’. ಮೃತಪ್ರಾಯ ಎಂದರೆ ಸತ್ತಿಲ್ಲ, ಆದರೆ ಸತ್ತಂತೆಯೇ ಲೆಕ್ಕ. ಈ ಜಾಡಿನಲ್ಲಿ ‘ಯಂತ್ರಪ್ರಾಯ’ ಎನ್ನಬಹುದಿತ್ತು, ಅರ್ಥ ಕೂದಲೆಳೆಯಷ್ಟೂ ಜಾರುತ್ತಿರಲಿಲ್ಲ. ಆದರೆ ಪ್ರಾಯ ಎಂದೊಡನೆ ನಮ್ಮ ಕಿವಿಗೆ ವಯಸ್ಸು ಕೇಳಿಸುತ್ತದೆ. ಹಾಗಾಗಿ ಎಲ್ಲರ ಬಾಯಲ್ಲಿರುವ ವರ್ಚುವಲ್ ಮಷೀನ್ ಎಂಬುದನ್ನೇ ಬಳಸುತ್ತೇನೆ. ಮಿಥ್ಯಾ ಎಂಬುದನ್ನು ಮಾತ್ರ ಕೈಬಿಡಬೇಕೆಂದು ನನಗೆ ಗಟ್ಟಿಯಾಗಿ ಅನಿಸುತ್ತದೆ.

ಈಗ ಆ ಯಂತ್ರ ಹೇಗೆ ನಡೆಯುತ್ತದೆ ಎಂಬುದು. ಕಾಫಿ ತೋಟದಲ್ಲಿ ಆಳುಗಳ ಮೇಲ್ವಿಚಾರಣೆ ನೋಡುವ ರೈಟರ್ ಇರುತ್ತಾರಲ್ಲ, ಅವರನ್ನು ನೆನಪಿಗೆ ತಂದುಕೊಳ್ಳಿ. ಕಸಿ ಮಾಡುವವರು (ರೆಂಬೆ ಸವರುವವರು), ಹಣ್ಣು ಕೊಯ್ಯುವವರು ತಮ್ಮ ಕೆಲಸವನ್ನು ತಾವೇ ಮಾಡುತ್ತಾರೆ, ಒಂದೊಂದು ರೆಂಬೆಗೂ ರೈಟರನ್ನು ಕೇಳುವುದಿಲ್ಲ. ಗೋದಾಮಿನ ಬೀಗ ತೆಗೆಯಬೇಕಾದಾಗ, ಪಂಪ್ ಶುರು ಮಾಡಬೇಕಾದಾಗ ಮಾತ್ರ ಅವರ ಬಳಿ ಹೋಗಬೇಕು, ಏಕೆಂದರೆ ಬೀಗದ ಕೈ ಇರುವುದು ಅವರಲ್ಲಿ. ವರ್ಚುವಲ್ ಮಷೀನನ್ನು ನಡೆಸುವ ತಂತ್ರಾಂಶಕ್ಕೆ ‘ಹೈಪರ್‌ವೈಸರ್’ ಎಂದು ಹೆಸರು. ಅದು ಈ ರೈಟರ್. ಒಳಗಿನ ಹಳೆಯ ವಿಂಡೋಸ್ ಮತ್ತು ಅದರ ಮೇಲಿನ ಆಟ ಕೂಡುವುದು, ಕಳೆಯುವುದು, ಹೋಲಿಸುವುದು ಮುಂತಾದ ಮಾಮೂಲು ಆಜ್ಞೆಗಳನ್ನು ಲ್ಯಾಪ್‌ಟಾಪಿನ ನಿಜವಾದ ಪ್ರೊಸೆಸರಿನ ಮೇಲೆಯೇ, ನೇರವಾಗಿ ನಡೆಸುತ್ತವೆ. ಡಿಸ್ಕ್, ಪರದೆ, ಮೆಮೊರಿಯ ಹಂಚಿಕೆ ಮುಂತಾದವಕ್ಕೆ ಕೈ ಹಾಕಿದಾಗ ಹೈಪರ್‌ವೈಸರ್ ನಡುವೆ ಬಂದು, ಇದೋ ನಿನ್ನ ಡಿಸ್ಕ್ ಎಂದು ಒಂದು ಕಡತವನ್ನು ಮುಂದಿಡುತ್ತದೆ. ಒಳಗಿನ ವಿಂಡೋಸಿಗೆ ಅದು ಕಡತವೆಂದು ತಿಳಿಯುವುದಿಲ್ಲ. ಅದರ ಪಾಲಿಗೆ ಅದು ನಾಲ್ಕು ಜಿಬಿಯ ಹಾರ್ಡ್ ಡಿಸ್ಕ್. ಹೊರಗಿನ ಯಂತ್ರಕ್ಕೆ ‘ಹೋಸ್ಟ್’, ಒಳಗಿನದಕ್ಕೆ ‘ಗೆಸ್ಟ್’ ಎನ್ನುತ್ತಾರೆ.

ಈ ಕಲ್ಪನೆ ಆಟಗಳಿಗಾಗಿ ಹುಟ್ಟಿದ್ದಲ್ಲ. ಒಂದು ಕಂಪ್ಯೂಟರ್ ಒಂದು ಕೋಣೆಯನ್ನೇ ತುಂಬುತ್ತಿದ್ದ 1960ರ ದಶಕದಲ್ಲಿ, ಒಂದೇ ಯಂತ್ರವನ್ನು ಹಲವರಿಗೆ ಹಂಚಲು ಐಬಿಎಂ ಸಂಸ್ಥೆಯವರು ಇದನ್ನು ರೂಪಿಸಿದರು. 1972ರಲ್ಲಿ ಬಂದ ಅವರ ವಿಎಂ/370 ವ್ಯವಸ್ಥೆಯಲ್ಲಿ ಪ್ರತಿಯೊಬ್ಬ ಬಳಕೆದಾರನಿಗೂ ಇಡೀ ಯಂತ್ರ ತನ್ನದೊಬ್ಬನದೇ ಎಂಬಂತೆ ಇರುತ್ತಿತ್ತು. ಎರಡು ವರ್ಷಗಳ ನಂತರ ಜೆರಾಲ್ಡ್ ಪೋಪೆಕ್ ಮತ್ತು ರಾಬರ್ಟ್ ಗೋಲ್ಡ್‌ಬರ್ಗ್ ಎಂಬ ಇಬ್ಬರು ಕಂಪ್ಯೂಟರ್ ವಿಜ್ಞಾನಿಗಳು ಇದಕ್ಕೆ ಲಕ್ಷಣ ಬರೆದರು. ಒಳಗಿನ ಪ್ರೋಗ್ರಾಂ ನಿಜವಾದ ಯಂತ್ರದ ಮೇಲೆ ಹೇಗೆ ನಡೆಯುತ್ತದೆಯೋ ಇಲ್ಲಿಯೂ ಹಾಗೆಯೇ ನಡೆಯಬೇಕು, ಹೆಚ್ಚಿನ ಆಜ್ಞೆಗಳು ನೇರವಾಗಿ ಪ್ರೊಸೆಸರಿನ ಮೇಲೆ ನಡೆಯಬೇಕು, ಸಂಪನ್ಮೂಲಗಳ ಹಿಡಿತ ಪೂರ್ತಿಯಾಗಿ ಹೈಪರ್‌ವೈಸರಿನ ಕೈಯಲ್ಲಿರಬೇಕು. ಇವುಗಳಲ್ಲಿ ಮೊದಲನೆಯದೇ ನನ್ನ ಅಳಿಯನ ಪ್ರಶ್ನೆಗೆ ಉತ್ತರ. ಒಳಗೆ ಕುಳಿತವನಿಗೆ ವ್ಯತ್ಯಾಸ ಕಾಣಬಾರದೆಂಬುದು ಈ ಪದದ ಲಕ್ಷಣದಲ್ಲಿಯೇ ಸೇರಿದೆ.

ನಮ್ಮ ಮನೆಗಳಿಗೆ ಬಂದ ಇಂಟೆಲ್ ಬಗೆಯ ಪ್ರೊಸೆಸರುಗಳು ಮಾತ್ರ ಬಹಳ ಕಾಲ ಇದಕ್ಕೆ ಒಗ್ಗಲಿಲ್ಲ. ಅವುಗಳ ಕೆಲವು ಆಜ್ಞೆಗಳು, ಗೋದಾಮಿಗೆ ಹೋಗಿ ಬೀಗ ಹಾಕಿರುವುದನ್ನು ಕಂಡು, ರೈಟರಿಗೆ ಒಂದು ಮಾತೂ ಹೇಳದೆ ಸುಮ್ಮನೆ ಹಿಂತಿರುಗುವ ಆಳಿನಂತಿದ್ದವು. ಕೆಲಸ ಆಗಿಲ್ಲವೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. 1999ರಲ್ಲಿ ವಿಎಂವೇರ್ ಎಂಬ ಕಂಪನಿ ಅಂತಹ ಆಜ್ಞೆಗಳನ್ನು ನಡೆಯುವ ಮುಂಚೆಯೇ ತಡೆದು ಬದಲಿಸುವ ಉಪಾಯದೊಂದಿಗೆ ಬಂತು. 2005ರಲ್ಲಿ ಇಂಟೆಲ್, ಮರುವರ್ಷ ಅದೇ ಬಗೆಯ ಪ್ರೊಸೆಸರ್ ಮಾಡುವ ಎಎಂಡಿ, ಪ್ರೊಸೆಸರಿನಲ್ಲಿಯೇ ಅದಕ್ಕೆ ವ್ಯವಸ್ಥೆ ಮಾಡಿದವು. 2007ರಲ್ಲಿ ವರ್ಚುವಲ್‌ಬಾಕ್ಸ್ ಎಂಬ ಹೈಪರ್‌ವೈಸರ್ ಉಚಿತವಾಗಿ ದೊರೆಯತೊಡಗಿದ ಮೇಲೆ ಇದು ಮನೆಯ ಮೇಜಿಗೂ ಬಂತು.

‘ಎಮ್ಯುಲೇಟರ್’ ಎಂಬ ನೆರೆಯ ಪದದೊಂದಿಗೆ ಇದನ್ನು ಬೆರೆಸಬಾರದು. ಎಮ್ಯುಲೇಟರ್ ದುಭಾಷಿ. ಒಳಗಿನ ಪ್ರೋಗ್ರಾಮಿನ ಪ್ರತಿಯೊಂದು ಆಜ್ಞೆಯನ್ನೂ ತಾನೇ ಓದಿ, ಬೇರೊಂದು ಯಂತ್ರಕ್ಕೆ ತಿಳಿಯುವಂತೆ ಹೇಳುತ್ತದೆ. ಆದ್ದರಿಂದ ನಿಧಾನ. ಆದರೆ ಆ ನಿಧಾನವೇ ಕೆಲವೊಮ್ಮೆ ಬೇಕಾಗುತ್ತದೆ. ವಿಂಡೋಸಿಗೂ ಮುಂಚಿನ ಡಾಸ್ ಕಾಲದ ಎಷ್ಟೋ ಆಟಗಳು ಪ್ರೊಸೆಸರಿನ ವೇಗವನ್ನೇ ಗಡಿಯಾರ ಮಾಡಿಕೊಂಡಿದ್ದವು, ಇಂದಿನ ಪ್ರೊಸೆಸರಿನ ಮೇಲೆ ನೇರವಾಗಿ ಬಿಟ್ಟರೆ ಕಣ್ಣು ಮಿಟುಕಿಸುವುದರೊಳಗೆ ಆಟ ಮುಗಿದಿರುತ್ತದೆ. 2002ರಿಂದ ಇರುವ ಡಾಸ್‌ಬಾಕ್ಸ್ ಎಂಬ ಎಮ್ಯುಲೇಟರ್ ಅಂತಹ ಆಟಗಳಿಗೆ ಹೇಳಿ ಮಾಡಿಸಿದಂತಿದೆ. ನನ್ನ ರೂಢಿ ಹೀಗೆ: ಡಾಸ್ ಆಟಕ್ಕೆ ಡಾಸ್‌ಬಾಕ್ಸ್, ವಿಂಡೋಸ್ ಆಟಕ್ಕೆ ವರ್ಚುವಲ್ ಮಷೀನ್. ಇಂಟೆಲ್ ಬಗೆಯದಲ್ಲದ ಎಆರ್‌ಎಂ ಪ್ರೊಸೆಸರ್ ಇರುವ ಹೊಸ ಲ್ಯಾಪ್‌ಟಾಪುಗಳಲ್ಲಿ ಹಳೆಯ ವಿಂಡೋಸಿಗೂ ದುಭಾಷಿಯೇ ಗತಿ.

ಅಷ್ಟು ಕಷ್ಟವೇಕೆ, ಸಿಡಿಯನ್ನು ಹೊಸ ವಿಂಡೋಸಿಗೇ ಹಾಕಬಾರದೇ ಎಂದು ಅಕ್ಕ ಕೇಳಿದಳು. ಹಾಕಿ ನೋಡಿದೆವು, ಆಗಲಿಲ್ಲ. ಆಟ 32 ಬಿಟ್ಟಿನದಾದರೂ ಅದನ್ನು ಅಳವಡಿಸುವ ಪ್ರೋಗ್ರಾಂ ಇನ್ನೂ ಹಳೆಯ ಬಗೆಯ 16 ಬಿಟ್ಟಿನದಾಗಿರುವುದು ಆ ಕಾಲದ ಸಿಡಿಗಳಲ್ಲಿ ಸಾಮಾನ್ಯ. 64 ಬಿಟ್ಟಿನ ವಿಂಡೋಸ್ ಅದನ್ನು ಮುಟ್ಟುವುದೂ ಇಲ್ಲ. ಇನ್ನು ಕೆಲವು ಆಟಗಳಲ್ಲಿ ಸೇಫ್‌ಡಿಸ್ಕ್ ಎಂಬ ನಕಲು ತಡೆ ಇತ್ತು. ಅದಕ್ಕೆ ಬೇಕಾದ ಡ್ರೈವರ್ ಎಂಬ ಸಹಾಯಕ ತಂತ್ರಾಂಶದಲ್ಲಿ ಭದ್ರತೆಯ ದೋಷವಿದ್ದುದರಿಂದ 2015ರಲ್ಲಿ ಬಂದ ವಿಂಡೋಸ್ 10ರಲ್ಲಿ ಅದಕ್ಕೆ ಜಾಗ ಕೊಡಲಿಲ್ಲ. ದುಡ್ಡು ಕೊಟ್ಟು ತಂದ ಅಸಲಿ ಸಿಡಿ ಕೈಯಲ್ಲಿದ್ದೂ ಆಟ ತೆರೆಯುವುದಿಲ್ಲ ಎಂಬುದು ನನಗೆ ನಿಜಕ್ಕೂ ನೋವಿನ ಸಂಗತಿ. ವರ್ಚುವಲ್ ಮಷೀನಿನೊಳಗೆ ವಿಂಡೋಸ್ ಎಕ್ಸ್‌ಪಿ ಹಾಕಿ, ಹೊರಗಿನ ಸಿಡಿ ಡ್ರೈವನ್ನು ನೇರವಾಗಿ ಅದಕ್ಕೆ ಒಪ್ಪಿಸಿದರೆ ಇಂತಹ ಹಲವು ಆಟಗಳು ಮತ್ತೆ ಏಳುತ್ತವೆ.

ಸಿಡಿಯ ಬಗ್ಗೆ ಒಂದೆರಡು ಮಾತು ಹೆಚ್ಚಾಗಿಯೇ ಹೇಳಬೇಕು, ಕೊಡಗಿನ ಮಳೆಗಾಲ ಕಂಡವರಿಗೆ ಅದು ಬೇಕು. ಅಕ್ಕನ ಬೀರುವಿನಿಂದ ಬಂದ ಸಿಡಿಯ ಮೇಲೆ ಬಿಳಿಯ ಬೂಸ್ಟು ಜೇಡರ ಬಲೆಯಂತೆ ಹರಡಿತ್ತು. ಅದನ್ನು ನಲ್ಲಿಯ ನೀರಿನಲ್ಲಿ ಒಂದು ಹನಿ ಪಾತ್ರೆ ತೊಳೆಯುವ ದ್ರಾವಣ ಹಾಕಿ ತೊಳೆದು, ಹಳೆಯ ಹತ್ತಿ ಪಂಚೆಯ ತುಂಡಿನಿಂದ ನಡುವಿನ ತೂತಿನಿಂದ ಅಂಚಿನ ಕಡೆಗೆ ಒರೆಸಿದೆ. ಎಂದಿಗೂ ಸುತ್ತಲೂ ಒರೆಸಬಾರದು. ಮಾಹಿತಿಯ ಸಾಲು ಸುರುಳಿಯಾಗಿ ಸುತ್ತುತ್ತದೆ. ಸಾಲಿಗೆ ಅಡ್ಡವಾಗಿ ಗೀರು ಬಿದ್ದರೆ ಕೆಲವೇ ಅಕ್ಷರಗಳು ಹೋಗುತ್ತವೆ, ಅವನ್ನು ಡ್ರೈವ್ ಲೆಕ್ಕ ಹಾಕಿ ತುಂಬಿಕೊಳ್ಳುತ್ತದೆ. ಸಾಲಿನ ಉದ್ದಕ್ಕೂ ಬಿದ್ದರೆ ತುಂಬಿಕೊಳ್ಳಲು ಏನೂ ಉಳಿದಿರುವುದಿಲ್ಲ. ಇನ್ನೊಂದು, ಸಿಡಿಯ ದಪ್ಪ 1.2 ಮಿಲಿಮೀಟರ್. ಅದರಲ್ಲಿ ಬಹುಪಾಲು ಹೊಳೆಯುವ ಬದಿಯ ಪ್ಲಾಸ್ಟಿಕ್. ಮಾಹಿತಿ ಇರುವ ಲೋಹದ ಪದರ ಚಿತ್ರ ಅಚ್ಚಾಗಿರುವ ಬದಿಗೆ ತೀರ ಹತ್ತಿರದಲ್ಲಿದೆ. ನಾವು ಹೊಳೆಯುವ ಬದಿಯನ್ನು ಜೋಪಾನ ಮಾಡಿ, ಚಿತ್ರದ ಬದಿಯನ್ನು ಮೇಜಿಗೆ ತಿಕ್ಕುತ್ತಾ ಬಂದೆವು.

ಓದಲು ಬಂದ ದಿನವೇ ಸಿಡಿಯ ಪ್ರತಿಯೊಂದನ್ನು ಕಡತವಾಗಿ ಮಾಡಿಕೊಳ್ಳಿ. ಇದಕ್ಕೆ ‘ಇಮೇಜ್’ ಎನ್ನುತ್ತಾರೆ. ಹೆಚ್ಚಿನವರು ಐಎಸ್‌ಒ ಎಂಬ ಬಗೆಯ ಇಮೇಜ್ ಮಾಡಿ ಮುಗಿಸುತ್ತಾರೆ, ಬಹಳಷ್ಟು ಆಟಗಳಿಗೆ ಅದು ಸಾಕು. ಆದರೆ 1996ರ ಕ್ವೇಕ್‌ನಂತಹ ಆಟಗಳಲ್ಲಿ ಸಂಗೀತ ಕಡತವಾಗಿರದೆ, ಹಾಡಿನ ಸಿಡಿಯಲ್ಲಿರುವಂತೆ ಪ್ರತ್ಯೇಕ ಆಡಿಯೋ ಟ್ರ್ಯಾಕ್‌ಗಳಾಗಿ ಇತ್ತು. ಐಎಸ್‌ಒ ಆ ಟ್ರ್ಯಾಕ್‌ಗಳನ್ನು ಹೊರಗೇ ಬಿಡುತ್ತದೆ, ಆಟ ಮೂಕವಾಗಿ ನಡೆಯುತ್ತದೆ. ಅಂತಹವಕ್ಕೆ ಬಿನ್ ಮತ್ತು ಕ್ಯೂ ಎಂಬ ಜೋಡಿ ಕಡತಗಳು ಬೇಕು.

ಮಿತಿಗಳೂ ಇವೆ. ವರ್ಚುವಲ್‌ಬಾಕ್ಸಿನಲ್ಲಿ ವಿಂಡೋಸ್ 98 ಹಾಕಿದರೆ ತ್ರಿಡಿ ಚಿತ್ರಗಳಿಗೆ ಗ್ರಾಫಿಕ್ಸ್ ಕಾರ್ಡಿನ ನೆರವು ತಾನಾಗಿ ಸಿಗುವುದಿಲ್ಲ. ಕಾರು ಓಡಿಸುವ ಆಟಗಳು ಅಲ್ಲಿ ತೆವಳುತ್ತವೆ, ಮೇಲಿನಿಂದ ನೋಡುವ ಚಪ್ಪಟೆ ಚಿತ್ರಗಳ ಆಟಗಳು ಸರಾಗವಾಗಿ ನಡೆಯುತ್ತವೆ. ಎಕ್ಸ್‌ಪಿಗೆ 2014ರಿಂದ ಭದ್ರತೆಯ ತೇಪೆಗಳು ನಿಯಮಿತವಾಗಿ ಬರುತ್ತಿಲ್ಲ. ಆದ್ದರಿಂದ ಒಳಗಿನ ಯಂತ್ರಕ್ಕೆ ಇಂಟರ್ನೆಟ್ ಕೊಡಲೇಬೇಡಿ, ಆಟಕ್ಕೆ ಅದು ಬೇಕಾಗಿಯೂ ಇಲ್ಲ. ಹಳೆಯದಾದ ಮಾತ್ರಕ್ಕೆ ವಿಂಡೋಸ್ ಬಿಟ್ಟಿಯಾಗಿಲ್ಲ, ನಿಮ್ಮದೇ ಪರವಾನಗಿಯ ಸಿಡಿ ಮತ್ತು ಕೀ ಇರಬೇಕು. ಅಕ್ಕನ ಹಳೆಯ ಕಂಪ್ಯೂಟರಿನ ಪೆಟ್ಟಿಗೆಯಲ್ಲಿ ಎರಡೂ ಇದ್ದವು.

ಎರಡನೆಯ ದಿನ ಸಂಜೆ ಕರೆಂಟು ಹೋಯಿತು. ಎಲ್ಲೋ ಮರ ಬಿದ್ದು ತಂತಿ ತುಂಡಾಗಿತ್ತು. ಹಿಂದೆ ಇಂತಹ ಹೊತ್ತಿನಲ್ಲಿ ಯುಪಿಎಸ್ ಕಿರುಚತೊಡಗಿದೊಡನೆ ನಾನೂ ಅಕ್ಕನೂ ಓಡಿ ಬಂದು ಎಲ್ಲ ಮುಚ್ಚುತ್ತಿದ್ದೆವು, ಆಟ ಅಲ್ಲಿಗೆ ಮುಗಿಯುತ್ತಿತ್ತು. ಈ ಸಲ ಲ್ಯಾಪ್‌ಟಾಪಿನ ಬ್ಯಾಟರಿ ಇಳಿಯುವ ಮುಂಚೆ ‘ಸೇವ್ ಸ್ಟೇಟ್’ ಒತ್ತಲು ಅಳಿಯನಿಗೆ ಹೇಳಿಕೊಟ್ಟೆ. ಒಳಗಿನ ಯಂತ್ರದ ಮೆಮೊರಿಯಲ್ಲಿದ್ದುದೆಲ್ಲ, ಪ್ರೊಸೆಸರ್ ಯಾವ ಆಜ್ಞೆಯಲ್ಲಿತ್ತೋ ಅಲ್ಲಿಯವರೆಗೆ, ಒಂದು ಕಡತಕ್ಕೆ ಇಳಿಯಿತು. ಕರೆಂಟು ಬಂದದ್ದು ಮೂರನೆಯ ದಿನ ಮಧ್ಯಾಹ್ನ. ಹಂಡೆಯ ಒಲೆಯ ಮುಂದೆ ಬಟ್ಟೆ ಒಣಗಿಸುತ್ತಿದ್ದ ಅಕ್ಕನನ್ನು ಅವನು ಕೂಗಿ ಕರೆದ. ಕಿಟಕಿ ತೆರೆದುಕೊಂಡಿತು. ಕೊಡಲಿ ಎತ್ತಿ ನಿಂತಿದ್ದ ಹಳ್ಳಿಗ ಮರಕ್ಕೆ ಆ ಏಟನ್ನು ಹಾಕಿದ.